ಉಪ್ಪು ಕೇಳುವ ವಕೀಲರು

1997ರ ಒಂದು ಸೋಮವಾರ, ನಂಜನಗೂಡಿನಲ್ಲಿ ವಕೀಲರಾಗಿದ್ದ ನನ್ನ ಸೋದರಮಾವ ಹೆಮ್ಮಿಗೆಯ ರೈತನೊಬ್ಬನ ಅಫಿಡವಿಟ್ಟಿಗೆ ಸಹಿ ಹಾಕಲು ನಿರಾಕರಿಸಿದರು. ಕಾರಣ, ಅವನ ಮನೆಯಲ್ಲಿ ಅವರಿನ್ನೂ ಊಟ ಮಾಡಿರಲಿಲ್ಲ.

ಇಂಥ ಕಾಗದಗಳಲ್ಲಿ ವಕೀಲರ ಸಹಿಯ ಮೇಲೆ ಒಂದು ಸಾಲು ಇರುತ್ತದೆ: 'ಇವರನ್ನು ನಾನು ಬಲ್ಲೆ.' ಊರಿನ ಉಳಿದ ವಕೀಲರು ಅದನ್ನು ಟೈಪಿಸ್ಟ್ ಹಾಕುವ ಅಲಂಕಾರ ಎಂದುಕೊಂಡಿದ್ದರು. ಕಕ್ಷಿದಾರನ ಹೆಸರು ಕೇಳುವ ಮೊದಲೇ ಬಲ್ಲವರಾಗಿರುತ್ತಿದ್ದರು. ಮಾವ ಮಾತ್ರ ಆ ಸಾಲನ್ನು ಓದಿಬಿಟ್ಟಿದ್ದರು. ತೊಂದರೆ ಶುರುವಾದದ್ದೇ ಅಲ್ಲಿ.

"ರೇಷನ್ ಕಾರ್ಡು, ಓಟಿನ ಕಾರ್ಡು ಎಲ್ಲಾ ಅದೆ ಸಾ," ಎಂದ ರೈತ.

"ಕಾರ್ಡು ಯಾರದ್ದು ಅಂತ ಗೊತ್ತಾಯ್ತು. ನೀನ್ಯಾರು ಅಂತ ಗೊತ್ತಾಗ್ಬೇಕಲ್ಲಪ್ಪ. ಗುರುವಾರ ಮಧ್ಯಾಹ್ನ ಮನೇಲಿರ್ತೀಯಾ?"

ಗುರುವಾರ ಮಾವ ಸ್ಕೂಟರಿನಲ್ಲಿ ಹೆಮ್ಮಿಗೆಗೆ ಹೋದರು. ಊಟಕ್ಕೆ ಕೂತು, ಮೊದಲ ತುತ್ತಿಗೇ ಕಕ್ಷಿದಾರನನ್ನು ಉಪ್ಪು ಕೇಳಿದರು. ಅದೇ ಪರೀಕ್ಷೆ. ಬೇರೆಯವರ ಹೆಸರು ಹೇಳಿಕೊಂಡು ಬೇರೆಯವರ ಮನೆಯಲ್ಲಿ ಕೂತವನಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿರುವುದಿಲ್ಲ ಎಂಬುದು ಅವರ ಸಿದ್ಧಾಂತ. ರೈತ ಒಳಗೆ ಹೋಗಿ ನಾಲ್ಕು ಡಬ್ಬಿ ತೆಗೆದ. ಮೆಂತ್ಯ, ಹುಣಸೆಹಣ್ಣು, ಬೆಲ್ಲ, ಇನ್ನೊಂದು ಖಾಲಿ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಇಪ್ಪತ್ತು ವರ್ಸ ಆಯ್ತು ಸಾ, ಒಂದಿನ ಒಲೆ ತವ ಬಂದೋರಲ್ಲ. ನಂಗೇ ಇವ್ರು ಯಾರು ಅಂತ ಅನ್ಮಾನ ಬತ್ತದೆ."

ಸಿದ್ಧಾಂತದ ಪ್ರಕಾರ ತಾಲ್ಲೂಕಿನ ಮುಕ್ಕಾಲುಪಾಲು ಗಂಡಸರು ನಕಲಿ! ಮಾವ ಆಕೆಯ ಮಾತನ್ನೇ ಸಾಕ್ಷಿಯೆಂದು ಒಪ್ಪಿ ಸಹಿ ಹಾಕಿದರು. ಪರೀಕ್ಷೆಯನ್ನು ಮಾತ್ರ ಬಿಡಲಿಲ್ಲ.

ಮಾರನೆಯ ವರ್ಷ ಮೈಸೂರಿನ ಒಬ್ಬ ಸಾಹುಕಾರರು ಬಂದರು. ಮಾವನ ಸಂಪಾದನೆಯ ದೊಡ್ಡ ಪಾಲು ಅವರದೇ ಕೆಲಸಗಳಿಂದ. ಈ ಸಲ ನಂಜನಗೂಡಿನ ಹತ್ತಿರ ನಾಲ್ಕು ಎಕರೆ ಜಮೀನು ಕ್ರಯವಾಗಬೇಕಿತ್ತು, ಅವರ ಡ್ರೈವರನ ಹೆಸರಿಗೆ. ದುಡ್ಡು ಕಪ್ಪು, ಹೆಸರು ಬಿಳಿ. ಡ್ರೈವರ್ ಮೂಗೂರಿನವನು, ಬಾಗಿಲ ಹೊರಗೆ ಚಪ್ಪಲಿ ಕಾಯುವವನಂತೆ ನಿಂತಿದ್ದ.

"ಇವನಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು?" ಎಂದರು ಮಾವ.

"ಹಸು ಸಾಕಿ ಉಳಿಸಿದ್ದಾನೆ," ಎಂದರು ಸಾಹುಕಾರರು.

"ಎಷ್ಟು ಹಸು?"

"ಎರಡು."

"ಎರಡು ಹಸು ನಾಲ್ಕು ಎಕರೆ ಕರೆದಿವೆ ಅಂದ್ರೆ ನೋಡಲೇಬೇಕಾದ ಹಸುಗಳು. ಗುರುವಾರ ಬರ್ತೀನಿ."

ಮೂಗೂರಿನ ಮನೆಯ ಮುಂದೆ ಎರಡು ಗೂಟಗಳಿದ್ದವು. ಹಸು ಇರಲಿಲ್ಲ. ಡ್ರೈವರನ ತಾಯಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಉಪ್ಪು ಕೇಳಿದ್ದೇ ತಡ, ಡ್ರೈವರ್ ತಿರುಗಿಯೂ ನೋಡದೆ ಗೋಡೆಯ ಗೂಡಿನಿಂದ ತೆಗೆದುಕೊಟ್ಟ. ಆದರೆ ಊಟಕ್ಕೆ ಜೊತೆಗೆ ಕೂರಲಿಲ್ಲ. ತಾಯಿಯ ತಟ್ಟೆ ಬಿಟ್ಟರೆ ಮನೆಯಲ್ಲಿದ್ದ ಒಂದೇ ಒಂದು ತಟ್ಟೆ ಮಾವನ ಮುಂದಿತ್ತು.

"ಮನೆ ನಿಂದೇ ಕಣಪ್ಪ. ದುಡ್ಡು ನಿಂದಲ್ಲ," ಎಂದರು ಮಾವ.

"ಸೈನ್ ಆಕು ಅಂದವ್ರೆ ಸಾ. ಆಕ್ನಿಲ್ಲ ಅಂದ್ರೆ ಕೆಲ್ಸ ಓಯ್ತದೆ."

"ಹಾಕಿದ್ರೆ, ನಾಳೆ ಈ ದುಡ್ಡು ಎಲ್ಲಿಂದ ಬಂತು ಅಂತ ಸರ್ಕಾರದೋರು ಕೇಳೋದು ನಿನ್ನ. ಜೈಲಿಗೆ ಹೋಗೋದು ಹೆಸರು, ದುಡ್ಡಲ್ಲ. ಯಾವ ಕಾಗದಕ್ಕೇ ಆಗಲಿ, ಪೂರ್ತಿ ಓದದೆ ಸಹಿ ಹಾಕ್ಬೇಡ."

ತಾಯಿ ಸಾರಿನ ಸೌಟು ಹಿಡಿದೇ ಹೇಳಿದರು: "ನಮ್ತವ ಇರಾದು ಎಸ್ರು ಒಂದೇ. ಬ್ಯಾಡ ಕಣ್ಲಾ."

ಡ್ರೈವರ್ ಸಹಿ ಹಾಕಲಿಲ್ಲ. ಅವನ ಕೆಲಸ ಹೋಯಿತು. ಮಾವನ ಕೈಬಿಟ್ಟು ಸಾಹುಕಾರರೂ ಹೋದರು. ಜಮೀನು ಬೇರೊಬ್ಬ ವಕೀಲರ ಮೂಲಕ ಹೊಸ ಡ್ರೈವರನ ಹೆಸರಿಗಾಯಿತು. ಮೂರು ವರ್ಷದ ಮೇಲೆ ಸರ್ಕಾರದ ನೋಟಿಸು ಬಂದದ್ದು ಆ ಹೊಸ ಡ್ರೈವರನಿಗೆ.

"ಒಂದು ಮುದ್ದೆಗೆ ವರ್ಷದ ಸಂಪಾದನೆ ಕೊಟ್ಟು ಬಂದ್ರಲ್ಲ," ಎಂದರು ಅತ್ತೆ.

"ಸಾರು ಚೆನ್ನಾಗಿತ್ತು ಕಣೇ," ಎಂದರು ಮಾವ.

2005ರಲ್ಲಿ ಮಾವ ವಕೀಲಿ ಬಿಟ್ಟು ಟಿ. ನರಸೀಪುರದ ಮಗಳ ಮನೆಗೆ ಬಂದರು. ಖಾತೆ ತೆರೆಯಲು ಬ್ಯಾಂಕಿಗೆ ಹೋದಾಗ ಜೊತೆಗೆ ನಾನಿದ್ದೆ. ಕರೆಂಟ್ ಬಿಲ್ಲು ಅಳಿಯನ ಹೆಸರಲ್ಲಿತ್ತು. ವಕೀಲರ ಗುರುತಿನ ಚೀಟಿಯ ಫೋಟೋದಲ್ಲಿ ತಲೆ ತುಂಬ ಕೂದಲಿತ್ತು. ಮ್ಯಾನೇಜರ್ ಫೋಟೋ ನೋಡಿದರು, ಬೋಳುತಲೆ ನೋಡಿದರು.

"ಇದು ನೀವೇ ಅಂತ ಹೇಗೆ ನಂಬೋದು ಸರ್?"

ಮಾವನಿಗೆ ಎಂದೂ ಇಲ್ಲದ ಸಂತೋಷ. "ನೋಡಿದ್ಯೇನೋ," ಎಂದು ನನ್ನ ತೋಳು ಹಿಡಿದರು. "ಇಷ್ಟು ವರ್ಷದ ಮೇಲೆ ನನ್ನಂಥೋನೊಬ್ಬ ಸಿಕ್ಕಿದ!"

"ನಿಮ್ಮನ್ನ ಬಲ್ಲವರು, ನಮ್ಮಲ್ಲಿ ಖಾತೆ ಇರೋರು, ಯಾರಾದ್ರೂ ಸಹಿ ಹಾಕ್ಬೇಕು."

ಮಾವ ಸುತ್ತ ನೋಡಿದರು. ಊರು ಹೊಸದು. ನನಗೂ ಅಳಿಯನಿಗೂ ಅಲ್ಲಿ ಖಾತೆ ಇರಲಿಲ್ಲ. ಅಷ್ಟು ಜನರನ್ನು ಬಲ್ಲೆ ಎಂದು ಬರೆದುಕೊಟ್ಟವರ ಕೈ ಕೌಂಟರಿನ ಅಂಚನ್ನು ಹಿಡಿದುಕೊಂಡಿತು. ಸಂತೋಷ ಇಳಿದು ಹೋಗಿತ್ತು.

"ನಾ ಬಲ್ಲೆ ಸಾ." ಸಾಲಿನ ಹಿಂದಿನಿಂದ ಒಬ್ಬ ಮುಂದೆ ಬಂದ. ಮೂಗೂರಿನ ಆ ಡ್ರೈವರ್. ಈಗ ಅವನದೇ ಗೂಡ್ಸ್ ಆಟೊ ಇತ್ತು, ಆ ಬ್ಯಾಂಕಿನಲ್ಲೇ ಖಾತೆಯೂ ಇತ್ತು.

"ಎಷ್ಟು ದಿನದ ಪರಿಚಯ?" ಎಂದರು ಮ್ಯಾನೇಜರ್.

"ಒಂದೇ ದಿವ್ಸ. ನಮ್ಮನೇಲಿ ಉಂಡವ್ರೆ."

ಮ್ಯಾನೇಜರ್ ಅರ್ಜಿಯನ್ನೂ ಪೆನ್ನನ್ನೂ ಅವನ ಕೈಗೆ ಕೊಟ್ಟು, ಸಹಿಯ ಜಾಗ ತೋರಿಸಿದರು. ಅವನು ಪೆನ್ನು ಕೆಳಗಿಟ್ಟ. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ. ಹಾಳೆ ತಿರುಗಿಸಿ ಹಿಂದಿನದನ್ನೂ ಓದಿದ. ಸಾಲಿನಲ್ಲಿದ್ದವರು ಗೊಣಗಿದರು. ಮಾವ ಕನ್ನಡಕ ತೆಗೆದು ಒರೆಸುತ್ತಾ ಕಾದರು.

ಪೂರ್ತಿ ಓದಿಯಾದ ಮೇಲೆ ಅವನು ಸಹಿ ಹಾಕಿದ.