ಭಾವಮೈದನ ಕಾರಿಗೆ ಮೇಷ್ಟ್ರ ಬಣ್ಣ

“ಗೀರು ತಾನೇ? ಒಂದು ಗಂಟೆ ಟೈಮು ಕೊಡು. ನಿನ್ನ ತಮ್ಮ ಭೂತಗನ್ನಡಿ ಹಿಡ್ಕೊಂಡು ಹುಡುಕಿದ್ರೂ ಸಿಗಬಾರದು, ಹಂಗೆ ಮಾಡ್ತೀನಿ!”

ಹೊಳೆನರಸೀಪುರದ ಪ್ರೈಮರಿ ಸ್ಕೂಲಿನ ಹೆಡ್‌ಮೇಷ್ಟ್ರು ಪಂಚಾಕ್ಷರಯ್ಯನವರು ಹೆಂಡತಿ ಬಸವಲಿಂಗಮ್ಮನ ಮುಂದೆ ಈ ಭೀಷ್ಮಪ್ರತಿಜ್ಞೆ ಮಾಡಿದ್ದು 1959ರ ಒಂದು ಭಾನುವಾರ ಬೆಳಿಗ್ಗೆ.

ಕಾರು ಬಸವಲಿಂಗಮ್ಮನ ತಮ್ಮ ರುದ್ರಯ್ಯನದು. ಎರಡನೇ ಕ್ಲಾಸಿನಲ್ಲೇ ಸ್ಲೇಟು ಎಸೆದು ಓಡಿದ ರುದ್ರಯ್ಯ ಅರಕಲಗೂಡಿನಲ್ಲಿ ಆಲೂಗೆಡ್ಡೆ ವ್ಯಾಪಾರ ಮಾಡಿ ಕಾರು ಕೊಂಡಿದ್ದ. ಎಮ್ಮೆಗೆ ಎಣ್ಣೆ ಸವರಿದಂತೆ ಫಳಫಳ ಹೊಳೆಯುವ ಕರೀ ಕಾರು! ಅದನ್ನು ಅಕ್ಕನ ಮನೆ ಮುಂದೆ ನಿಲ್ಲಿಸಿ, “ಬುಧವಾರ ಬತ್ತೀನಿ ಭಾವ, ವಸಿ ನೋಡ್ಕಳಿ” ಎಂದು ಮೈಸೂರಿನ ರೈಲು ಹತ್ತಿದ್ದ.

ಮೇಷ್ಟ್ರು ನೋಡಿಕೊಂಡರು. ನೋಡಿಕೊಂಡು ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಾರಿನ ಮೇಲೆ ಬಿಸಿಲು ಬೀಳುತ್ತಿದೆ, ಬಣ್ಣ ಕೆಟ್ಟೀತು ಎಂಬ ಕನಿಕರ ಹುಟ್ಟಿತು. ನೆರಳಿಗೆ ತಳ್ಳೋಣವೆಂದು ಬ್ರೇಕು ಸಡಿಲಿಸಿದರು. ಕಾರು ಮೇಷ್ಟ್ರಿಗೆ ಕಾಯಲಿಲ್ಲ. ಇಳಿಜಾರಿನಲ್ಲಿ ತಾನೇ ಉರುಳಿ, ದನ ನೀರು ಕುಡಿಯುವ ಕಲ್ಲುಬಾನಿಗೆ ಮೈ ಉಜ್ಜಿ ನಿಂತಿತು. ಬಾಗಿಲ ಮೇಲೆ ಒಂದು ಗೇಣುದ್ದದ ಗೀರು!

“ಹಾಸನದಲ್ಲಿ ಬಣ್ಣ ಹೊಡೆಯೋರು ಅವ್ರೆ, ಕರ್ಸಿ,” ಎಂದಳು ಬಸವಲಿಂಗಮ್ಮ.

“ಮುನ್ನೂರು ಮಕ್ಕಳನ್ನ ತಿದ್ದೋನಿಗೆ ಒಂದು ಗೀರು ತಿದ್ದೋಕೆ ಬರಲ್ವೇನೇ?”

ಮೊದಲು ಒಲೆಯ ಬೂದಿ, ಹುಣಸೆಹಣ್ಣು. ಹಿತ್ತಾಳೆ ಚೊಂಬು ಬೆಳಗುವ ವಿದ್ಯೆ ಕಾರಿಗೇಕೆ ಆಗದು? ಆಯಿತು! ಗೇಣುದ್ದದ ಗೀರಿನ ಸುತ್ತ ಊಟದ ತಟ್ಟೆಯಗಲ ಬೆಳ್ಳಗಾಯಿತು. ಅದರ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದರು. ಆಹಾ, ಗೀರು ಮಾಯ! ಮೇಷ್ಟ್ರು ಮೀಸೆ ತಿರುವಿದರು. ಅಷ್ಟರಲ್ಲಿ ದನಗಳು ಮನೆಗೆ ಬಂದವು. ಬೀದಿಯ ಧೂಳೆಲ್ಲ ಎದ್ದು ಎಣ್ಣೆಗೆ ಅಂಟಿ ಕೂತಿತು.

“ಕಾರಿಗೆ ಚಟ್ನಿಪುಡಿ ಹಚ್ಚಿದ್ದೀರಾ?” ಎಂದಳು ಬಸವಲಿಂಗಮ್ಮ.

ಸೋಮವಾರ ಬಡಗಿ ಪಾಲಾಕ್ಷನಿಂದ ಉಪ್ಪುಕಾಗದ ತಂದರು. “ಇದು ಮರಕ್ಕೆ ಸಾ, ಮೈ ನುಣ್ಣಗಾಯ್ತದೆ,” ಎಂದಿದ್ದ ಅವನು. ಮೇಷ್ಟ್ರಿಗೆ ನುಣ್ಣಗೆ ಎಂಬುದಷ್ಟೇ ಕೇಳಿಸಿತ್ತು. ಉಜ್ಜಿದರು. ಹಲ್ಲು ಕಚ್ಚಿಕೊಂಡು ಉಜ್ಜಿದರು. ಸಂಜೆಗೆ ಬಾಗಿಲ ಬಣ್ಣವೆಲ್ಲ ಹೋಗಿ ತಗಡು ಇಣುಕಿತು.

ಮೇಷ್ಟ್ರಿಗೆ ಈಗ ನಿಜವಾಗಿ ಹೆದರಿಕೆಯಾಯಿತು. ಓದು ಬಾರದ ಭಾವಮೈದನಿಗೆ ಬುದ್ಧಿ ಹೇಳುತ್ತ ಬಂದ ಹತ್ತು ವರ್ಷದ ಮರ್ಯಾದೆ ಆ ಬಾಗಿಲ ಮೇಲೆ ನಿಂತಿತ್ತು. ಆಗ ನೆನಪಾಯಿತು: ಸ್ಕೂಲಿನ ಬೀರುವಿನಲ್ಲಿ ಅರ್ಧ ಡಬ್ಬ ಕಪ್ಪು ಬಣ್ಣ ಇದೆ! ಮಂಗಳವಾರ ಎರಡು ಕೋಟು ಬಳಿದು, ದೂರ ನಿಂತು ನೋಡಿದರು. ಕಪ್ಪೇನೋ ಕಪ್ಪೇ. ಆದರೆ ಕಾರೆಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಆ ಬಾಗಿಲು ಮಾತ್ರ ಮಸಿ ಹಿಡಿದ ಮಡಕೆಯಂತೆ ಮಂಕಾಗಿತ್ತು. ಏಕೆಂದರೆ ಅದು ಕರೀಹಲಗೆಗೆ ಬಳಿಯುವ ಬಣ್ಣ!

ಬುಧವಾರ ರುದ್ರಯ್ಯ ಬಂದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲ ಮುಂದೆ ನಿಂತುಬಿಟ್ಟ.

“ಇದೇನ್ ಭಾವ?”

“ಬಿಸಿಲು... ಬಿಸಿಲಿಗೆ ಸ್ವಲ್ಪ...” ಮೇಷ್ಟ್ರು ಹೆಂಡತಿಯತ್ತ ನೋಡಿದರು. ಬಸವಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ ಮೇಷ್ಟ್ರು ತಲೆ ತಗ್ಗಿಸಿ, ಕಲ್ಲುಬಾನಿಯಿಂದ ಕರೀಹಲಗೆಯವರೆಗೆ ಎಲ್ಲವನ್ನೂ ಒಪ್ಪಿಸಿದರು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ರುದ್ರಯ್ಯ ಬಾಗಿಲ ಮೇಲೆ ಮೆಲ್ಲಗೆ ಅಂಗೈ ಆಡಿಸಿದ. ಆಮೇಲೆ ಭಾವನ ಜುಬ್ಬದ ಜೇಬಿಗೆ ಕೈ ಹಾಕಿ ಒಂದು ಸೀಮೆಸುಣ್ಣ ತೆಗೆದು, ನಾಲಿಗೆ ಕಚ್ಚಿಕೊಂಡು, ವಂಕಿವಂಕಿಯಾಗಿ ಬರೆದ: ‘ರುದರಯ’.

ಮೇಷ್ಟ್ರಿಗೆ ಎಲ್ಲ ಮರೆತುಹೋಯಿತು. “ಒತ್ತು ಎಲ್ಲಿ ಹೋಯ್ತೋ?” ಎಂದು ಗದರಿಯೇಬಿಟ್ಟರು!

“ನೀವು ಒತ್ತೀ ಒತ್ತೀ ಉಜ್ಜಿದ್ರಲ್ಲ ಭಾವ, ಅಲ್ಲೇ ಖರ್ಚಾಗೋಗೈತೆ ಕಣಿ!”

ಮೂವರೂ ಬೀದಿಯಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ರುದ್ರಯ್ಯ ಸೀಮೆಸುಣ್ಣವನ್ನು ಭಾವನ ಕೈಗಿತ್ತು, “ಎಂಗ್ ಬರೀಬೇಕು, ತೋರ್ಸಿ,” ಎಂದ.

ಆ ಬಾಗಿಲಿಗೆ ಅವನು ಮತ್ತೆ ಬಣ್ಣ ಹೊಡೆಸಲಿಲ್ಲ. ಅರಕಲಗೂಡಿನಲ್ಲಿ ಜನ ನಕ್ಕರೆ ತಾನೂ ನಗುತ್ತಿದ್ದ. ಅಕ್ಕನ ಮನೆಗೆ ಬಂದಾಗಲೆಲ್ಲ ಕಾಫಿ ಕುಡಿದು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಮೇಷ್ಟ್ರು ಮೇಲೆ ಒಂದು ಸಾಲು ಬರೆದರೆ ಅವನು ಕೆಳಗೆ ತಿದ್ದುತ್ತಿದ್ದ. ಮಳೆ ಬಂದರೆ ಪಾಠ ಅಳಿಸಿಹೋಗುತ್ತಿತ್ತು. ಮುಂದಿನ ಸಲ ಬಂದಾಗ ಮತ್ತೆ ಮೊದಲಿಂದ. ಹೀಗೆ ಐದು ವರ್ಷ ನಡೆಯಿತು.

1964ರಲ್ಲಿ ಬಸವಲಿಂಗಮ್ಮನ ಹೆಸರಿಗೆ ಒಂದು ಕಾರ್ಡು ಬಂತು. ಈ ಸಲ ಅಂಗಡಿ ಗುಮಾಸ್ತೆಯ ಕೈಯಲ್ಲ, ತಮ್ಮನದೇ ಕೈಬರಹ. ಮೇಷ್ಟ್ರು ಕನ್ನಡಕ ಏರಿಸಿ, ಎಂದೂ ಇಲ್ಲದ ಹೆಮ್ಮೆಯಿಂದ, ಬೀದಿಗೆಲ್ಲ ಕೇಳುವಂತೆ ಓದಿದರು:

“ಅಕ್ಕನಿಗೆ ರುದ್ರಯ್ಯ ಮಾಡುವ ನಮಸ್ಕಾರ. ಹೊಸ ಕಾರು ಕೊಂಡಿದ್ದೇನೆ. ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ಬಸ್ಸಿನಲ್ಲಿ.”