ಬಲಗೈ ಹಾಡಿನ ಫಜೀತಿ

ಕಾನ್ವೆಂಟಿನಲ್ಲಿ ಓದಿದ ಹೆಂಗಸಿಗೆ ಬಾರದ ವಿದ್ಯೆಯೇ ಇಲ್ಲವೆಂದು ನಂಬುವ ಊರಿನಲ್ಲಿ ಬಾಳುವುದು ಸುಲಭವಲ್ಲ. ಮದುವೆಯಾಗಿ ಬಳ್ಳಾರಿಯಿಂದ ಕೊಟ್ಟೂರಿಗೆ ಬಂದ ಹೊಸತರಲ್ಲಿ ಓಣಿಯವರು ತಂತಿ ಓದಿಸಲು ನನ್ನ ಹತ್ತಿರ ಬಂದರು, ಸರಿ. ಔಷಧದ ಸೀಸೆಯ ಚೀಟಿ ಓದಿಸಲು ಬಂದರು, ಅದೂ ಸರಿ. ಹೊಲಿಗೆ ಯಂತ್ರ ಕೆಟ್ಟಾಗಲೂ ಬಂದರು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವಲ್ಲ. ಹಾಗಾಗಿ ಮಹಿಳಾ ಮಂಡಳಿಯ ಗೌರಮ್ಮನವರು ತಮ್ಮ ಶಿಶುವಿಹಾರದ ಮಕ್ಕಳಿಗೆ ಹಾಡು, ಕುಣಿತ ಕಲಿಸಲು ನನ್ನನ್ನೇ ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಒಪ್ಪಿದ್ದೇ ಆಶ್ಚರ್ಯ. ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ವರ್ಷವರ್ಷವೂ ಸಿಗುತ್ತಿದ್ದದ್ದು ಮರದ ಪಾತ್ರ. ಎರಡು ಕೊಂಬೆ ಹಿಡಿದು ಅಲುಗಾಡದೆ ನಿಂತರೆ ಮುಗಿಯಿತು. ಇದನ್ನು ಗೌರಮ್ಮನವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಆಗಿನ್ನೂ ಮಕ್ಕಳಾಗಿರದ ಮನೆ ನಮ್ಮದು. ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ.

ಮಂಡಳಿಯ ಒಂದೇ ಖೋಲಿಯಲ್ಲಿ ಮೂರರಿಂದ ಐದು ವರ್ಷದ ಹದಿನೈದು ಮಕ್ಕಳು. ವಾದ್ಯವೆಂದರೆ ನಾನು ಮನೆಯಿಂದ ಒಯ್ದ ವನಸ್ಪತಿ ಡಬ್ಬಿ. ಹಾಡನ್ನೂ ನಾನೇ ಕಟ್ಟಿದೆ: ‘ಬಲಗೈ ಮೇಲೆ ಹಕ್ಕಿ ಹಾರಿತು, ಎಡಗೈ ಒಳಗೆ ಗೂಡು ಕಟ್ಟಿತು.’ ಮಕ್ಕಳ ಎದುರಿಗೆ ನಿಂತು ನಾನು ಬಲಗೈ ಎತ್ತಿ ಬೆರಳು ಅಲ್ಲಾಡಿಸುವುದು, ಎಡಗೈ ಬೊಗಸೆ ಮಾಡುವುದು, ಒಂದು ಸುತ್ತು ತಿರುಗಿ ಚಪ್ಪಾಳೆ ತಟ್ಟುವುದು. ಮೊದಲ ವಾರ ಒಬ್ಬ ಹುಡುಗ ತಿರುಗಿದವನು ನಿಲ್ಲಲೇ ಇಲ್ಲ, ಮತ್ತೊಬ್ಬ ನಿಂತಲ್ಲೇ ನಿದ್ದೆಹೋದ. ಗಲ್ಲಕ್ಕೆ ದೃಷ್ಟಿಬೊಟ್ಟಿಟ್ಟುಕೊಂಡು ಬರುತ್ತಿದ್ದ ಗಂಗಿ ಮಾತ್ರ ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿ ಕಲಿತಳು. ತಿಂಗಳೊಳಗೆ ಹದಿನೈದು ಕೈ ಒಟ್ಟಿಗೆ ಏಳುತ್ತಿದ್ದವು. ಆ ಒಂದು ಗಂಟೆಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಮರವಾಗಿದ್ದವಳಿಗೆ ರೆಕ್ಕೆಯೇ ಬಂದಿತ್ತು.

ಅಷ್ಟರಲ್ಲಿ ಮಕ್ಕಳು ಕಡಿಮೆಯಾಗತೊಡಗಿದರು. ಮೊದಲು ಹನ್ನೆರಡು, ಆಮೇಲೆ ಒಂಬತ್ತು. ದಡಾರ ಬಂದಿರಬೇಕೆಂದು ನಾನು ಮರುಗುತ್ತಿದ್ದೆ. ಗೌರಮ್ಮನವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಹೇಳಿದಾಗಲೇ ಗೊತ್ತಾದದ್ದು: ನನ್ನ ಶಿಷ್ಯರು ಮನೆಮನೆಯಲ್ಲೂ ಎಡಗೈಯಲ್ಲಿ ಉಣ್ಣುತ್ತಿದ್ದರು. ಬಲಗೈಯಲ್ಲಿ ಉಣ್ಣು ಎಂದು ತಾಯಂದಿರು ಗದರಿದರೆ, ಎಡಗೈ ಎತ್ತಿ ತೋರಿಸಿ ಇದೇ ಬಲಗೈ, ಟೀಚರಮ್ಮ ಹೇಳ್ಯಾರ ಎಂದು ವಾದಿಸುತ್ತಿದ್ದರಂತೆ. ಗಂಗಿಯಂತೂ ಗುಡಿಯಲ್ಲಿ ತೀರ್ಥಕ್ಕೆ ಎಡಗೈ ಒಡ್ಡಿದ್ದಾಳೆ. ಪೂಜಾರಿ ಬಲಗೈ, ಬಲಗೈ ಎಂದಷ್ಟೂ ಅದನ್ನೇ ಇನ್ನಷ್ಟು ಮುಂದಕ್ಕೆ ಚಾಚಿದ್ದಾಳೆ. ಜೊತೆಯಲ್ಲಿದ್ದವಳು ಅವಳ ಅಜ್ಜಿ ಬಸಮ್ಮ, ಓಣಿಯಲ್ಲಿ ಯಾರೂ ಮಾತು ಮೀರದ ಹಿರಿಯಳು.

“ಬರೋ ಗುರುವಾರ ಆಕಿ ತಾನ ಖುದ್ದ ನೋಡಾಕ ಬರ್ತಾಳಂತ ರೀ. ಆಕಿ ಮೊಮ್ಮಗಳನ್ನ ಬಿಡಿಸಿದ್ಲಂದ್ರ ಯಾರೂ ಕಳಸಂಗಿಲ್ಲ. ಖೋಲಿಗೆ ಬೀಗ ಹಾಕೋದ ಮತ್ತ,” ಎಂದರು ಗೌರಮ್ಮ.

ಮನೆಗೆ ಬಂದು ನಮ್ಮವರೆದುರು ಕಣ್ಣೀರಿಟ್ಟೆ. ಅವರು ಪತ್ರಿಕೆ ಮಡಿಸಿಟ್ಟು, ನನ್ನನ್ನು ಎದುರಿಗೆ ನಿಲ್ಲಿಸಿ, ಬಲಗೈ ಎತ್ತು ಎಂದರು. ಎತ್ತಿದೆ. ತಾವೂ ಅದೇ ಬದಿಯ ಕೈ ಎತ್ತಿದರು. ಗಡಿಯಾರ ಕಟ್ಟಿದ ಕೈ ಅದು, ಎಡಗೈ. ಎದುರು ನಿಂತವರಿಗೆ ನನ್ನ ಬಲ ಎಡವಾಗುತ್ತದೆಂಬುದು ಹಾಗೆ ತಲೆಗೆ ಹೋಯಿತು. ಅದರ ಹಿಂದೆಯೇ ನಮ್ಮ ಶಾಲೆಯ ಕವಾಯತಿನ ಸಿಸ್ಟರ್ ನೆನಪಾದರು. ಬಲ ಎನ್ನುವಾಗ ಅವರು ಎಡಗೈಯನ್ನೇ ಎತ್ತುತ್ತಿದ್ದರು. ಪಾಪ, ಅವರಿಗೆ ಎಡಬಲ ತಿಳಿಯದು ಎಂದುಕೊಂಡು ನಾನು ಅವರ ಪರವಾಗಿ ಪ್ರಾರ್ಥನೆ ಬೇರೆ ಮಾಡಿದ್ದೆ.

ಅಂದಿನಿಂದ ನಾಲಿಗೆಯಲ್ಲಿ ಬಲ, ಕೈಯಲ್ಲಿ ಎಡ. ಶಿಶುವಿಹಾರದಲ್ಲಂತೂ ಸರಿಯೇ, ಒಲೆಯ ಮುಂದೆಯೂ ಅದೇ ತಾಲೀಮು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಹಕ್ಕಿ ಹಾರಿಸುತ್ತಿದ್ದರೆ ನಮ್ಮವರು ಹಸಿಬಿಸಿ ರೊಟ್ಟಿ ತಿಂದು ಹೋಗುತ್ತಿದ್ದರು.

ಗುರುವಾರ ಬಸಮ್ಮಜ್ಜಿ ಬಂದು ಹೊಸ್ತಿಲ ಪಕ್ಕ ಕುಳಿತಳು. ನಾನು ಡಬ್ಬಿ ಬಡಿದೆ, ಹಾಡಿದೆ, ತಿರುಗಿದೆ. ಅಜ್ಜಿಯ ಮುಖದಲ್ಲಿ ಏನೂ ಕಾಣಲಿಲ್ಲ. ಹಾಡು ಮುಗಿದ ಮೇಲೆ ಅವಳು ಎದ್ದು ಮಕ್ಕಳ ಮುಂದೆ ನಿಂತು, ಸೆರಗಿನ ಗಂಟು ಬಿಚ್ಚಿ ಬೆಲ್ಲದ ಹೆಂಟೆ ಮುರಿದಳು.

“ಬಲಗೈ ಚಾಚ್ರಿ ನೋಡಾನ.”

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಒಂಬತ್ತು ಬಲಗೈಗಳು ಮುಂದಿದ್ದವು. ಗಂಗಿಯದು ಎಲ್ಲರಿಗಿಂತ ಮುಂದೆ. ಗೌರಮ್ಮನವರು ಗೋಡೆಗೊರಗಿ ಕುಳಿತೇಬಿಟ್ಟರು. ಅಜ್ಜಿ ಒಂದೊಂದು ಅಂಗೈಗೂ ಬೆಲ್ಲವಿಟ್ಟು, ಉಳಿದ ಹುಡುಗರನ್ನೂ ನಾಳೆಯಿಂದ ತಾನೇ ಕರೆತರುವುದಾಗಿ ಹೇಳಿದಳು. ಆಮೇಲೆ ಉಳಿದ ಚೂರು ಹಿಡಿದು ನನ್ನ ಕಡೆ ತಿರುಗಿ, “ತಗಾ ಯವ್ವಾ, ನೀನೂ ಬಾಯಿ ಸೀ ಮಾಡ್ಕ,” ಎಂದಳು.

ನಾನು ಸಂತೋಷದಿಂದ ಕೈ ಚಾಚಿದೆ. ಅಜ್ಜಿ ಬೆಲ್ಲ ಕೊಡಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ನಿಂತಳು. ನನಗಿಂತ ಮೊದಲು ಗಂಗಿಗೆ ಗೊತ್ತಾಯಿತು. ಬಾಯಲ್ಲಿ ಬೆಲ್ಲವಿಟ್ಟುಕೊಂಡೇ ಹತ್ತಿರ ಬಂದು ನನ್ನ ಎಡಗೈಯನ್ನು ಕೆಳಗಿಳಿಸಿ, ಬಲಗೈಯನ್ನು ಹಿಡಿದೆತ್ತಿ, “ಇದು ರೀ, ಟೀಚರ್,” ಎಂದಳು.