ತಲೆಬರಹ ತಿದ್ದುವವನ ತಲೆಬರಹ

ಪತ್ರಿಕೆಯ ಸುದ್ದಿಯನ್ನು ಎಷ್ಟು ಜನ ಪೂರ್ತಿ ಓದುತ್ತಾರೋ ಗೊತ್ತಿಲ್ಲ. ಶೀರ್ಷಿಕೆಯಲ್ಲಿನ ತಪ್ಪನ್ನು ಮಾತ್ರ ಊರಿಗೆ ಊರೇ ಓದುತ್ತದೆ. ಅಕ್ಷರ ಬಾರದವರೂ ಓದಿಸಿಕೊಂಡು ಕೇಳುತ್ತಾರೆ. ಇಂಥ ತಪ್ಪುಗಳು ಯಾವ ಕಾಲಕ್ಕೂ ನಿಲ್ಲುವುದಿಲ್ಲ. ನಿಲ್ಲಿಸಿಯೇ ತೀರುತ್ತೇನೆಂದು ಹೊರಟವನು ನಾನು.

೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ಅಲ್ಲೊಂದು ಸಣ್ಣ ದಿನಪತ್ರಿಕೆ ಶುರುವಾಯಿತು. ನಾನು ಉಪಸಂಪಾದಕ. ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಕನ್ನಡವನ್ನು ವ್ಯಾಕರಣದ ಪುಸ್ತಕದಿಂದ ಕಲಿತವನು. ಹಾಗಾಗಿ ಉಳಿದವರ ಕನ್ನಡವೆಲ್ಲ ನನಗೆ ತಪ್ಪಾಗಿಯೇ ಕೇಳುತ್ತಿತ್ತು. ಸೇರಿದ ವಾರದಲ್ಲೇ ಗೋಡೆಗೆ ಎರಡು ನಿಯಮ ಅಂಟಿಸಿದೆ. ಬರೆದುಕೊಟ್ಟದ್ದನ್ನು ಬರೆದಂತೆಯೇ ಟೈಪ್ ಮಾಡಬೇಕು, ಪ್ರಶ್ನೆ ಕೇಳಬಾರದು. ಶೀರ್ಷಿಕೆಯಲ್ಲಿ ಮೂರು ತಪ್ಪಾದರೆ ಕೆಲಸ ಬಿಡಬೇಕು.

ಆ ನಿಯಮಗಳನ್ನು ಟೈಪ್ ಮಾಡಿಕೊಟ್ಟವರೇ ಗಿಣಿಗೇರಾದಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಮ್ಮ ಟೈಪ್ ಆಪರೇಟರ್; ಹೆಂಗಸರನ್ನು ಗೌರವದಿಂದ ಕರೆಯುವ ಆ ಕಡೆಯ ರೂಢಿಯಂತೆ ಎಲ್ಲರಿಗೂ ‘ಬಾಯಿಯವರು’.

"ಸರ್, ‘ತಪ್ಪು’ ಅನ್ನೂದನ್ನ ಮೊದ್ಲ ‘ತಪು’ ಅಂತ ಹೊಡದಿದ್ದೆ. ತಿದ್ದೀನ್ರಿ. ಅದೂ ಎಣಿಕಿಗೆ ಬರತೈತೇನ್ರಿ?" ಎಂದರು.

ನಾನು ನಗಲಿಲ್ಲ. ಕಚೇರಿಯಲ್ಲಿ ನಗುವ ಅಭ್ಯಾಸ ನನಗಿರಲಿಲ್ಲ.

ಗಂಗಾವತಿಯ ಬೇಡಿಕೆ

ನಾನು ಕರಡು ತಿದ್ದಿಯಾದ ಮೇಲೆ ಶೀರ್ಷಿಕೆಗಳನ್ನು ದೊಡ್ಡ ಅಕ್ಷರದಲ್ಲಿ ಬೇರೆಯಾಗಿ ಟೈಪ್ ಮಾಡಿ ಪುಟಕ್ಕೆ ಅಂಟಿಸುವ ಪದ್ಧತಿ ಆಗ. ತಪ್ಪು ನುಸುಳುತ್ತಿದ್ದುದು ಅಲ್ಲೇ. ನಾನು ಬರೆದದ್ದು ‘ಗಂಗಾವತಿ ಅಕ್ಕಿಗೆ ಹೊರರಾಜ್ಯಗಳಲ್ಲಿ ಭಾರಿ ಬೇಡಿಕೆ’. ಬೆಳಿಗ್ಗೆ ನೋಡಿದರೆ ‘ಗಂಗಾವತಿ ಅತ್ತಿಗೆ ಹೊರರಾಜ್ಯಗಳಲ್ಲಿ ಭಾರಿ ಬೇಡಿಕೆ’.

ಮೊದಲ ಫೋನು ರೈಸ್ ಮಿಲ್ ಮಾಲೀಕರದು. "ಸರ್, ನಾವು ಅಕ್ಕಿ ಮಾರೋ ಮಂದಿ. ಅತ್ತಿ ಮಾರೋ ಧಂದೆ ಇನ್ನೂ ಹಚ್ಚಿಲ್ರಿ."

ನಾನು ಬಾಯಿಯವರನ್ನು ಕರೆದು, "ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಎಂಥ ಅನರ್ಥ!" ಎಂದು ಗದರಿದೆ.

"ಇಲ್ರಿ ಸರ್. ಅಣ್ಣನ ಹೆಂಡ್ತಿಗೆ ನಾವು ವೈನಿ ಅಂತೀವಿ. ಅತ್ತಿ ಅಂದ್ರ ನಿಮ್ಮ ಪುಸ್ತಕದಾಗಿನ ಅತ್ತೆ. ಇಲ್ಲಿ ಬೇಡಿಕಿ ಇರೋದು ಅತ್ತೆಗೆ."

ಈ ವಾದ ನಡೆದಿರುವಾಗಲೇ ತಳಕಲ್‌ನಿಂದ ಒಬ್ಬ ಓದುಗರ ಫೋನು. ದನಿ ತಗ್ಗಿಸಿ ಕೇಳಿದರು: "ಸರ್, ಆ ಬೇಡಿಕಿ ಇನ್ನೂ ಐತೇನ್ರಿ? ನಮ್ಮ ಅತ್ತಿನೂ ಗಂಗಾವತಿಯಾಕಿನ. ಲಾರಿ ಬಾಡಗಿ ನಾನ ಹಾಕ್ಕೋತೀನಿ. ಮಾಲು ವಾಪಸ್ ಮಾತ್ರ ಕಳಸಬ್ಯಾಡ್ರಿ."

ಗೋಡೆಯ ನಿಯಮಗಳ ಕೆಳಗೆ ಬಾಯಿಯವರ ಹೆಸರು ಬರೆದು, ಅದರ ಮುಂದೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು ಎಳೆದೆ.

ಕುಷ್ಟಗಿಯ ಶಿಬಿರ

ಎರಡನೆಯದು ಕುಷ್ಟಗಿಯದು. ‘ನಾಳೆ ಉಚಿತ ಕಣ್ಣಿನ ತಪಾಸಣೆ’ ಎಂಬುದು ‘ನಾಳೆ ಉಚಿತ ಹಣ್ಣಿನ ತಪಾಸಣೆ’ ಎಂದು ಅಚ್ಚಾಯಿತು. ಆ ಕಡೆ ದಾಳಿಂಬೆ ತೋಟಗಳಿಗೆ ಚುಕ್ಕಿ ರೋಗ ಹತ್ತಿದ್ದ ವರ್ಷ ಬೇರೆ. ಶಿಬಿರದ ದಿನ ಮಧ್ಯಾಹ್ನ ಕಣ್ಣಿನ ಡಾಕ್ಟರು ಫೋನ್ ಮಾಡಿದರು.

"ಏನ್ ಹಾಕೀರಿ ಸರ್ ಪೇಪರ್‌ನ್ಯಾಗ? ಮುಂಜಾನಿಂದ ಪಾಳಿ ನಿಂತಾರ, ಎಲ್ಲಾರ ಕೈಯಾಗೂ ಬುಟ್ಟಿ! ಬ್ಯಾಟರಿ ಬೆಳಕು ಬಿಟ್ಟು ಕಣ್ಣು ನೋಡಾಕ ಹೋದ್ರ, ‘ನನ್ನ ಮಾರಿ ಏನ್ ನೋಡ್ತೀರಿ, ಬುಟ್ಟ್ಯಾಗ ನೋಡ್ರಿ’ ಅಂತಾರ. ಒಬ್ಬ ಅಜ್ಜನ ಎರಡೂ ಕಣ್ಣಿಗೆ ಪೊರಿ ಬಂದೈತಿ. ಹೇಳಿದ್ರ, ‘ಅದು ಇರ್ಲಿ ಬಿಡ್ರಿ ಸಾಹೇಬ್ರ, ಹಣ್ಣಿಗೆ ಏನ್ ಬಂದೈತಿ ಅದನ್ನ ಮೊದ್ಲ ಹೇಳ್ರಿ’ ಅಂದ!"

ಎರಡನೆಯ ಗೀಟು ಬಿತ್ತು. ಬಾಯಿಯವರ ಮುಖ ಬಾಡಿತು. "ಈ ಕೆಲಸದ ಮ್ಯಾಲ ಮಗಳ ಕಾಲೇಜು ನಿಂತೈತ್ರಿ ಸರ್. ಇನ್ನೊಂದಾದ್ರ ಖರೇನ ಬಿಡಸ್ತೀರೇನ್ರಿ?"

"ನಿಯಮ ಎಂದರೆ ನಿಯಮ" ಎಂದೆ.

ಅಂದಿನಿಂದ ಅವರು ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಓದುತ್ತ, ದೇವರ ಫೋಟೋ ಕಡೆ ನೋಡುತ್ತ ಟೈಪ್ ಮಾಡತೊಡಗಿದರು. ತಿಂಗಳುಗಟ್ಟಲೆ ಒಂದು ತಪ್ಪಿಲ್ಲ. ನನ್ನ ಶಿಸ್ತಿನ ಬಗ್ಗೆ ನನಗೇ ಹೆಮ್ಮೆಯಾಯಿತು.

ಎಂಟು ಕರಡಿ

ಒಂದು ಸಂಜೆ ಇರಕಲ್ಲಗಡದಿಂದ ನಮ್ಮ ವರದಿಗಾರನ ಫೋನು. ಲೈನಿನಲ್ಲಿ ಗೊರಗೊರ ಸದ್ದು.

"ಸರ್, ಬರಕೊಳ್ರಿ. ಹೊಸ ಸಾಲಿ ಕಟ್ಟಡ ನೋಡಾಕ ಸಾಹೇಬ್ರು ಬಂದಿದ್ರು. ಗಾಡಿ ಇಳದದ್ದ ತಡ, ಎಂಟು ಕರಡಿ ಬಂದು ನಿಂತ್ವು."

"ಎಂಟೇ? ಎಣಿಸಿದಿರಾ?"

"ಎಣಿಸೀನ್ರಿ, ಎಂಟ. ಸಾಲಿ ಮಟಾ ಸಾಹೇಬ್ರ ಜೋಡಿನ ಬಂದ್ವು. ಕರಡಿ ಏನ್ ಬಡದ್ರು ಅಂತೀರಿ! ಭಾಳ ಛಲೋ ಬಡದ್ರು."

"ಯಾರಿಗಾದರೂ ಗಾಯ?"

"ಬಡದು ಬಡದು ಒಬ್ಬಾಂವನ ಕೈಗೆ ಬೊಬ್ಬಿ ಬಂದಾವ. ಸಾಹೇಬ್ರಿಗೆ ಮಾತ್ರ ಭಾಳ ಖುಷಿ ಆತ್ರಿ."

ಲೈನು ಕಡಿದುಹೋಯಿತು. ಜೀವ ಉಳಿದ ಖುಷಿ ಇರಬೇಕೆಂದು ನಾನೇ ಅರ್ಥ ಮಾಡಿಕೊಂಡು, ಮುಖಪುಟಕ್ಕೆ ಬರೆದೆ: ‘ಅಧಿಕಾರಿಯ ಬೆನ್ನಟ್ಟಿದ ಎಂಟು ಕರಡಿ, ಬಡಿದು ಓಡಿಸಿದ ಗ್ರಾಮಸ್ಥರು’.

ಬಾಯಿಯವರು ಓದಿ, "ಸರ್, ಈ ಕರಡಿ..." ಎಂದು ಬಾಯಿ ತೆರೆದರು. ನಾನು ಗೋಡೆಯ ಮೇಲಿನ ಮೊದಲ ನಿಯಮವನ್ನು ಬೆರಳಿಂದ ತೋರಿಸಿದೆ. ಅವರು ತುಟಿ ಬಿಗಿಹಿಡಿದು ಟೈಪ್ ಮಾಡಿದರು.

ಮರುದಿನ ನಮ್ಮ ಮುದುಕ ಜವಾನರು ಬಾಗಿಲಲ್ಲಿ ಇಣುಕಿ, "ಸರ್, ಎಂಟು ಕರಡಿ ಬಂದಾವ್ರಿ. ಒಳಗ ಬಿಡ್ಲೇನ್ರಿ?" ಎಂದರು.

ನಾನು ಮೇಜಿನ ಮೇಲೆ ಹತ್ತಿದ್ದು ಯಾವಾಗೆಂದು ನನಗೇ ತಿಳಿಯದು. ಒಳಗೆ ಬಂದವರು ರುಮಾಲು ಸುತ್ತಿದ ಎಂಟು ಜನ, ಎಲ್ಲರ ಕೊರಳಲ್ಲೂ ಡೊಳ್ಳಿನ ತಮ್ಮನಂಥದೊಂದು ವಾದ್ಯ. ಮೆರವಣಿಗೆಯ ಮುಂದೆ ಬಾರಿಸುವ ಆ ವಾದ್ಯದ ಹೆಸರೇ ಕರಡಿ. ನನ್ನ ವ್ಯಾಕರಣದ ಪುಸ್ತಕದಲ್ಲಿ ಅದು ಇರಲಿಲ್ಲ.

ಹಿರಿಯರು ಕೈ ಮುಗಿದರು. "ಊರಾಗ ಅರಣ್ಯದವರು ಬೋನು ತಂದು ಇಟ್ಟಾರ್ರಿ. ಎಂಟು ಮಂದಿ ಹಿಡಸಂಗಿಲ್ಲ. ಒಂದೀಟು ದೊಡ್ಡದು ಕಳಸಾಕ ಬರೀರಿ ಪೇಪರ್‌ನ್ಯಾಗ."

ನಾನು ಮೇಜಿನ ಮೇಲಿಂದಲೇ ಗುಡುಗಿದೆ: "ಬಾಯಿಯವರೇ, ಇದು ಮೂರನೆಯದು!"

ಅವರು ನಿಧಾನಕ್ಕೆ ಎದ್ದು, ನನ್ನ ಕೈಬರಹದ ಹಾಳೆ ತಂದು ಹಿಡಿದರು. "ಒಂದಕ್ಷರ ತಪ್ಪಿಲ್ರಿ ಸರ್. ಕರಡಿ ಅಂತ ಬರದಿದ್ರಿ, ಕರಡಿ ಅಂತ ಹೊಡದೀನಿ."

"ಗೊತ್ತಿದ್ದೂ ಹೇಳಲಿಲ್ಲವೇ?"

"ಹೇಳಾಕ ಬಾಯಿ ತಗದಿದ್ದೆ. ನೀವು ಗ್ವಾಡಿ ತೋರಿಸಿದ್ರಿ."

ತಪ್ಪು ನನ್ನದು. ಮೇಜಿನಿಂದ ಇಳಿದು, ಗೋಡೆಯ ನಿಯಮಗಳನ್ನು ಗೀಟುಗಳ ಸಮೇತ ಕಿತ್ತೆ. ಅದೇ ಹಾಳೆಯ ಹಿಂಬದಿಯಲ್ಲಿ ತಿದ್ದುಪಡಿ ಬರೆದು, ಕೆಳಗೆ ನನ್ನ ಹೆಸರು ಹಾಕಿ ಅವರಿಗೆ ಕೊಟ್ಟೆ: ‘ನಿನ್ನೆಯ ಮುಖಪುಟದಲ್ಲಿ ಕರಡಿ ಎಂದು ಪ್ರಕಟವಾಗಿರುವುದನ್ನು ಓದುಗರು ದಯವಿಟ್ಟು ಕರಡಿ ಎಂದು ತಿದ್ದಿ ಓದಿಕೊಳ್ಳಬೇಕು.’

ಬಾಯಿಯವರು ಎರಡು ಸಲ ಓದಿದರು. "ಸರ್, ಒಂದು ಪ್ರಶ್ನಿ ಕೇಳ್ಲೇನ್ರಿ?"

"ಇನ್ನು ಮೇಲೆ ಕೇಳಬಹುದು."

"ಯಾವ ಕರಡಿ ತಗದು ಯಾವ ಕರಡಿ ಹಾಕ್ಲಿ?"

ನನಗೆ ನಗು ಬಂತು. ವರ್ಷಗಟ್ಟಲೆ ತಡೆದಿಟ್ಟ ನಗು. ಬರುವಾಗ ಗುರ್ರೆಂದು ಗಂಟಲು ಹರಿದುಕೊಂಡೇ ಬಂತು. ಹೊರಗಿದ್ದ ಜವಾನರು ಬಡಿಗೆ ಹಿಡಿದು ಓಡಿಬಂದರು.

"ಎಂಟ ಒಳಗ ಬಿಟ್ಟಿದ್ನಲ್ರಿ! ಈ ಒಂಬತ್ತನೇದು ಯಾವಾಗ ಬಂತು?"